ಸಂಜೆಯ ತಿಂಡಿ ಡಬ್ಬಿಯನ್ನು ಮತ್ತೆ ತುಂಬುವುದು ಹೇಗೆ? ಕೋಡುಬಳೆ ಮಾರನೆಯ ದಿನವೇ ಮೆತ್ತಗಾಗುವುದೇಕೆ?

ಪ್ರಶ್ನೆ
ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ.

ನಮ್ಮ ಅಡುಗೆಮನೆಯ ಕಪಾಟಿನ ಮೇಲುಗಡೆ ಒಂದು ಹಿತ್ತಾಳೆಯ ಡಬ್ಬಿ ಇದೆ. ನಾನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅತ್ತೆಯವರು ಇರುವವರೆಗೆ, ಅಂದರೆ ಸುಮಾರು ಹದಿಮೂರು ವರ್ಷ, ಅದು ಬರಿದಾಗಿದ್ದುದನ್ನು ನೋಡಿದ ನೆನಪು ನನಗಿಲ್ಲ. ಒಂದು ವಾರ ಕೋಡುಬಳೆ, ಇನ್ನೊಂದು ವಾರ ತೇಂಗೊಳಲು, ಏನೂ ಕೈಗೂಡದ ವಾರದಲ್ಲಿ ಹುರಿದ ಅವಲಕ್ಕಿಯಾದರೂ ಅದರಲ್ಲಿ ಇರುತ್ತಿತ್ತು. ಸಂಜೆ ಐದರ ಹೊತ್ತಿಗೆ ಆ ಮುಚ್ಚಳ ತೆಗೆಯುವ ಸದ್ದು ಕೇಳಿದರೆ ಸಾಕು, ಮಾವನವರು ಅಂಗಳದಿಂದಲೂ ಮಗ ಬೀದಿಯಿಂದಲೂ ಒಳಗೆ ಬರುತ್ತಿದ್ದರು.

ಅತ್ತೆಯವರು ತೀರಿಕೊಂಡು ಎರಡು ವರ್ಷಗಳಾದವು. ಈಗ ಆ ಡಬ್ಬಿಯಲ್ಲಿ ಅಂಗಡಿಯಿಂದ ತಂದ ಪೊಟ್ಟಣಗಳಿವೆ. ಕಳೆದ ತಿಂಗಳು ಬಡಾವಣೆಯ ಒಂದು ಅಂಗಡಿಯಿಂದ ತಂದ ನಿಪ್ಪಟ್ಟಿನಲ್ಲಿ ಹಳೆಯ ಎಣ್ಣೆಯ ಕಮಟು ವಾಸನೆ ಇತ್ತು. ಮಾವನವರು ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡು, ಏನೂ ಹೇಳದೆ ಉಳಿದುದನ್ನು ತಟ್ಟೆಯ ಅಂಚಿಗೆ ಸರಿಸಿದರು. ಅವರು ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಅದೇ ಭಾನುವಾರ ನಾನು ಕೋಡುಬಳೆ ಮಾಡಲು ಕುಳಿತೆ. ಅತ್ತೆಯವರು ಅಳತೆಯನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಅವರದು ಕೈ ಅಳತೆ. ನೆನಪಿನಿಂದ ಒಂದು ಸೇರು ಅಕ್ಕಿ ಹಿಟ್ಟಿಗೆ ಹುರಿಗಡಲೆ ಪುಡಿ, ಹಸಿ ಕಾಯಿತುರಿ, ಮೆಣಸಿನಪುಡಿ, ಓಮ, ಉಪ್ಪು ಹಾಕಿ, ಅಷ್ಟನ್ನೂ ಒಮ್ಮೆಗೇ ಕಲಸಿ, ಬೇಗ ಮುಗಿಯಲಿ ಎಂದು ಉರಿ ದೊಡ್ಡದು ಮಾಡಿ ಕರಿದೆ. ಬಣ್ಣ ಚೆನ್ನಾಗಿ ಬಂದಿತು. ಬಿಸಿಯಲ್ಲಿ ತಿಂದಾಗ ಮೇಲ್ಭಾಗ ಗರಿಯಾಗಿಯೂ ಇತ್ತು. ಆದರೆ ಮಾರನೆಯ ದಿನ ಡಬ್ಬಿ ತೆರೆದರೆ ಎಲ್ಲವೂ ಮೆತ್ತಗೆ, ಒಳಗೆ ಹಿಟ್ಟು ಹಿಟ್ಟು.

ನನ್ನ ಪ್ರಶ್ನೆಗಳು ಎರಡು. ಮೊದಲನೆಯದು, ಕೋಡುಬಳೆಯಲ್ಲಿ ನಾನು ಮಾಡಿದ ತಪ್ಪು ಯಾವುದು? ಎರಡನೆಯದು, ಸಂಜೆ ಆರೂವರೆಗೆ ಕೆಲಸದಿಂದ ಮನೆಗೆ ಬರುವ ನನ್ನಂಥವಳು ಆ ಡಬ್ಬಿ ಬರಿದಾಗದಂತೆ ನೋಡಿಕೊಳ್ಳುವುದು ಸಾಧ್ಯವೇ? ಹಬ್ಬದ ಅಡುಗೆಯನ್ನು ನಾನು ಕೇಳುತ್ತಿಲ್ಲ. ದಿನನಿತ್ಯದ ಸಣ್ಣ ತಿಂಡಿಯ ವಿಷಯ ಕೇಳುತ್ತಿದ್ದೇನೆ.

ಉತ್ತರ 1
ನಿವೃತ್ತ ಶಿಕ್ಷಕಿ, ಮೈಸೂರು

ತಂಗಿ, ನೀವು ಮಾಡಿದ ಕ್ರಮವನ್ನು ಇಷ್ಟು ವಿವರವಾಗಿ ಬರೆದುದರಿಂದ ಉತ್ತರ ಹೇಳುವುದು ಸುಲಭವಾಯಿತು. ನಿಮ್ಮ ಕೈಯಲ್ಲಿ ದೋಷವಿಲ್ಲ. ಹಸಿ ಕಾಯಿ, ದೊಡ್ಡ ಉರಿ, ಮತ್ತು ಬಹುಶಃ ಬಿಸಿಯಾಗಿರುವಾಗಲೇ ಮುಚ್ಚಿದ ಡಬ್ಬಿ, ಈ ಮೂರೂ ಸೇರಿಕೊಂಡಿವೆ.

ಕೋಡುಬಳೆ ಗರಿಯಾಗಿ ಉಳಿಯಬೇಕಾದರೆ ಅದರೊಳಗಿನ ನೀರಿನಂಶವೆಲ್ಲ ಎಣ್ಣೆಯಲ್ಲಿಯೇ ಆರಿಹೋಗಬೇಕು. ಹಸಿ ಕಾಯಿತುರಿಯಲ್ಲಿ ನೀರು ಹೆಚ್ಚು. ಅದನ್ನು ಹಾಕಿದರೆ ಅದೇ ದಿನ ತಿಂದು ಮುಗಿಸಬೇಕು. ಇಟ್ಟುಕೊಂಡು ತಿನ್ನುವುದಕ್ಕೆ ಒಣಕೊಬ್ಬರಿಯೇ ಸರಿ. ಇನ್ನು ಉರಿ ದೊಡ್ಡದಾದರೆ ಮೇಲ್ಭಾಗ ಬೇಗ ಕೆಂಪಾಗುತ್ತದೆ, ನಾವು ಬೆಂದಿತೆಂದು ತೆಗೆದುಬಿಡುತ್ತೇವೆ, ಒಳಗಿನ ಹಿಟ್ಟು ಹಸಿಯಾಗಿಯೇ ಉಳಿದು, ರಾತ್ರಿಯೆಲ್ಲ ಆ ತೇವ ಮೆಲ್ಲಗೆ ಹೊರಪದರಕ್ಕೆ ಬಂದು ಅದನ್ನೂ ಮೆತ್ತಗೆ ಮಾಡುತ್ತದೆ. ಹಾಗೆಂದು ಎಣ್ಣೆ ಕಾಯುವ ಮುಂಚೆಯೇ ಬಿಟ್ಟರೆ ಎಣ್ಣೆ ಕುಡಿಯುತ್ತದೆ. ಚಿಟಿಕೆ ಹಿಟ್ಟು ಹಾಕಿದರೆ ಅದು ತಳಕ್ಕೆ ಹೋಗಿ ಕ್ಷಣದಲ್ಲಿ ಮೇಲೇಳಬೇಕು, ಆದರೆ ಕೂಡಲೇ ಕಪ್ಪಾಗಬಾರದು. ಆ ಹದದಲ್ಲಿ ಕೋಡುಬಳೆ ಬಿಟ್ಟು ಉರಿಯನ್ನು ಮಧ್ಯಮಕ್ಕೆ ಇಳಿಸಿರಿ.

ಬೆಂದುದನ್ನು ಬಣ್ಣದಿಂದ ಅಳೆಯಬೇಡಿ, ಸದ್ದಿನಿಂದ ಅಳೆಯಿರಿ. ಬಾಣಲೆಗೆ ಬಿಟ್ಟ ಕೂಡಲೇ ಸುತ್ತಲೂ ನೊರೆ ಎದ್ದು ಚೊರ್ರೆಂದು ಸದ್ದಾಗುತ್ತದೆ. ಅದು ಹಿಟ್ಟಿನ ನೀರು ಹೊರಗೆ ಹೋಗುವ ಸದ್ದು. ಆ ಗುಳ್ಳೆಗಳು ಕಡಿಮೆಯಾಗುತ್ತ ಬಂದು, ಎಣ್ಣೆ ಬಹುತೇಕ ಮೌನವಾದಾಗ ತೆಗೆಯಬೇಕು. ಜಾಲರಿ ಸೌಟಿನಲ್ಲಿ ಎತ್ತಿ ಅಲುಗಿಸಿದರೆ ಗಾಜಿನ ಬಳೆಗಳು ತಾಗಿದಂತೆ ಸದ್ದಾಗುತ್ತದೆ. ನನ್ನ ತಾಯಿಯವರಿಗೆ ಕಡೆಗಾಲದಲ್ಲಿ ಕಣ್ಣು ಮಂಜಾಗಿತ್ತು. ಅವರು ನಡುಮನೆಯಲ್ಲಿ ಕುಳಿತುಕೊಂಡೇ, "ಈಗ ತೆಗಿ, ಸುಮ್ಮನಾಯಿತು" ಎನ್ನುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ.

ಅಳತೆ ಕೇಳಿದ್ದೀರಿ ಎಂದೇ ಭಾವಿಸಿ ಹೇಳುತ್ತೇನೆ. 2 ಲೋಟ ನುಣ್ಣನೆಯ ಅಕ್ಕಿ ಹಿಟ್ಟು, ಅರ್ಧ ಲೋಟ ಹುರಿಗಡಲೆ ಪುಡಿ, ಕಾಲು ಲೋಟ ಚಿರೋಟಿ ರವೆ, ಕಾಲು ಲೋಟ ಒಣಕೊಬ್ಬರಿ ತುರಿ, 8ರಿಂದ 10 ಬ್ಯಾಡಗಿ ಮೆಣಸಿನಕಾಯಿ, ಅರ್ಧ ಚಮಚ ಓಮ, ಚಿಟಿಕೆ ಇಂಗು, ಉಪ್ಪು. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಹೆಚ್ಚಾಗಿ ಬಣ್ಣ ಕೊಡುವುದರಿಂದ ಮಕ್ಕಳೂ ತಿನ್ನಬಹುದು. ಕೊಬ್ಬರಿ, ಮೆಣಸಿನಕಾಯಿ, ಉಪ್ಪನ್ನು ನೀರು ಹಾಕದೆ ಪುಡಿ ಮಾಡಿ ಹಿಟ್ಟಿಗೆ ಬೆರೆಸಿ, ಅದರ ಮೇಲೆ 3 ದೊಡ್ಡ ಚಮಚ ಚೆನ್ನಾಗಿ ಕಾದ ಎಣ್ಣೆ ಸುರಿದು ಉಜ್ಜಿರಿ. ಮುಷ್ಟಿಯಲ್ಲಿ ಹಿಡಿದರೆ ಹಿಟ್ಟು ಉಂಡೆಯಾಗಿ ನಿಲ್ಲಬೇಕು, ಬೆರಳಿನಿಂದ ಒತ್ತಿದರೆ ಉದುರಬೇಕು. ಉಂಡೆ ನಿಲ್ಲದಿದ್ದರೆ ಎಣ್ಣೆ ಸಾಲದು; ಒತ್ತಿದರೂ ಉದುರದೆ ಜಿಡ್ಡಾಗಿದ್ದರೆ ಹೆಚ್ಚಾಯಿತು, ಅಂಥ ಕೋಡುಬಳೆ ಬಾಣಲೆಯಲ್ಲಿಯೇ ಒಡೆದು ಚೂರಾಗುತ್ತದೆ.

ಮುಖ್ಯವಾಗಿ, ಸೇರುಗಟ್ಟಲೆ ಮಾಡುವ ಯೋಚನೆಯನ್ನು ಬಿಟ್ಟುಬಿಡಿ. ನಿಮ್ಮ ಅತ್ತೆಯವರ ಕಾಲದ ಮನೆಗಳಿಗೆ ಆ ಪ್ರಮಾಣ ಬೇಕಾಗಿತ್ತು, ಹಗಲಿಡೀ ಮನೆಯಲ್ಲಿರುವ ಕೈಗಳೂ ಇದ್ದವು. ಎರಡು ಲೋಟ ಹಿಟ್ಟನ್ನು ನಾಲ್ಕು ಪಾಲು ಮಾಡಿ, ಒಂದೊಂದೇ ಪಾಲಿಗೆ ನೀರು ಹಾಕಿ ನಾದಿ, ಅದು ಮುಗಿದ ಮೇಲೆ ಮುಂದಿನದು. ಕರಿದುದನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಕೈಗೆ ಬೆಚ್ಚಗೂ ತಾಗದಂತೆ ತಣ್ಣಗಾದ ಮೇಲೆ ಡಬ್ಬಿಗೆ ಹಾಕಿರಿ. ಬಿಸಿಯಲ್ಲಿ ಮುಚ್ಚಿದರೆ ಮುಚ್ಚಳದ ಒಳಗೆ ಬೆವರಿಳಿದು ಅಷ್ಟೂ ಶ್ರಮ ವ್ಯರ್ಥವಾಗುತ್ತದೆ.

ಉತ್ತರ 2
ಮಲೆಬೆಳಗು, ಧಾರವಾಡ

ನಮಸ್ಕಾರ ಅಕ್ಕಾ ಅವರೇ. ಕೋಡುಬಳೆಯ ಬಗ್ಗೆ ಮೈಸೂರಿನ ತಾಯಿಯವರು ಹೇಳಿದ ಮೇಲೆ ನಾನು ಸೇರಿಸುವುದೇನೂ ಇಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಡಬ್ಬಿಯಲ್ಲಿ ತಯಾರಾದ ತಿಂಡಿಯೇ ಇರಬೇಕೆಂಬ ನಿಯಮವಿಲ್ಲ, ತಿಂಡಿಗೆ ಬೇಕಾದ ಸಾಮಾನು ಸದಾ ಇದ್ದರೂ ಸಾಕು.

ನಮ್ಮ ಮನೆಯಲ್ಲಿ ಎಂದಿಗೂ ತೀರಬಾರದ ಎರಡು ವಸ್ತುಗಳು ಚುರುಮುರಿ ಮತ್ತು ಪುಟಾಣಿ. ನಾವು ಚುರುಮುರಿ ಎನ್ನುವುದನ್ನು ದಾವಣಗೆರೆಯವರು ಮಂಡಕ್ಕಿ ಎನ್ನುತ್ತಾರೆ, ಬೆಂಗಳೂರಿನವರು ಕಡ್ಲೆಪುರಿ ಎನ್ನುತ್ತಾರೆ. ನಮ್ಮ ಪುಟಾಣಿಯೇ ನಿಮ್ಮ ಹುರಿಗಡಲೆ. ಗಿರ್ಮಿಟ್‌ಗೆ ಬೇಕಾದ ಗೊಜ್ಜನ್ನು ನಾನು ಭಾನುವಾರ ಮಾಡಿಡುತ್ತೇನೆ. ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವನ್ನು ಸಾಸಿವೆ ಜೀರಿಗೆಯ ಒಗ್ಗರಣೆಯಲ್ಲಿ ಬಾಡಿಸಿ, ಅರಿಸಿನ, ಹುಣಸೆರಸ, ಸ್ವಲ್ಪ ಬೆಲ್ಲ, ಉಪ್ಪು ಹಾಕಿ ಎಣ್ಣೆ ಬಿಡುವವರೆಗೆ ಕುದಿಸಿದರೆ, ತಂಪುಪೆಟ್ಟಿಗೆಯಲ್ಲಿ ಅದು ನಾಲ್ಕೈದು ದಿನ ಇರುತ್ತದೆ. ಸಂಜೆ ಬಂದ ಕೂಡಲೇ ಅಗಲವಾದ ಪಾತ್ರೆಗೆ ಚುರುಮುರಿ ಸುರಿದು, ಗೊಜ್ಜು ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಹಾಕಿದರೆ ಐದು ನಿಮಿಷದ ಕೆಲಸ. ಪುಟಾಣಿ ಹಿಟ್ಟನ್ನು ಬಿಡಬಾರದು, ಗೊಜ್ಜಿನ ಹಸಿಯನ್ನು ಹೀರಿಕೊಂಡು ಚುರುಮುರಿ ಬೇಗ ಮೆತ್ತಗಾಗದಂತೆ ತಡೆಯುವುದು ಅದೇ. ಆದರೂ ಕಲಸಿದ ಮೇಲೆ ಗಿರ್ಮಿಟ್ ಯಾರಿಗೂ ಕಾಯುವುದಿಲ್ಲ. ಆದ್ದರಿಂದ ನಾನು ಕಲಸುವ ಮುಂಚೆಯೇ ಎಲ್ಲರನ್ನೂ ಕೂಗಿ ಕರೆದು ಕೂರಿಸುತ್ತೇನೆ, ಹಾಗೆ ನಾಲ್ವರೂ ಒಂದೇ ಹೊತ್ತಿಗೆ ಒಂದೇ ಕಡೆ ಕೂರುವುದು ನಮ್ಮ ಮನೆಯಲ್ಲಿ ದಿನಕ್ಕೆ ಅದೊಂದೇ ಸಲ.

ಸಿಹಿಗೆ ಶೇಂಗಾ ಉಂಡಿಗಿಂತ ಸುಲಭವಾದದ್ದು ನನಗೆ ತಿಳಿದಿಲ್ಲ. ನಾಗರಪಂಚಮಿಗೆ ನಮ್ಮ ಕಡೆ ಎಳ್ಳುಂಡಿ, ರವಾ ಉಂಡಿ, ಜೋಳದ ಅಳ್ಳು ಎಲ್ಲವೂ ಆಗಬೇಕು, ತವರಿಗೆ ಬಂದ ಹೆಣ್ಣುಮಕ್ಕಳಿಗೆ ಕಟ್ಟಿಕೊಡುವುದೂ ಆಗಬೇಕು. ಆದರೆ ಶೇಂಗಾ ಉಂಡಿಗೆ ಪಂಚಮಿಯೇ ಬರಲಿ ಎಂದು ಕಾಯಬೇಕಾಗಿಲ್ಲ. 2 ಬಟ್ಟಲು ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ ಸಿಪ್ಪೆಯನ್ನು ಊದಿ, 1 ಬಟ್ಟಲು ಬೆಲ್ಲದೊಂದಿಗೆ ಕುಟ್ಟಿರಿ. ಪಾಕ ಬೇಡ, ತುಪ್ಪವೂ ಬೇಡ, ಶೇಂಗಾದ ಎಣ್ಣೆಯೇ ಉಂಡಿ ಕಟ್ಟಿಸುತ್ತದೆ. ಸಿಪ್ಪೆ ಊದುವ ಕೆಲಸವನ್ನು ಮಗನಿಗೆ ಕೊಡಿ. ಅಂಗಳದಲ್ಲಿ ಮಾಡಲಿ.

ಇನ್ನೊಂದು ಮಾತನ್ನು ಬಿಡದೆ ಹೇಳಬೇಕು. ನೀವು "ನನ್ನಂಥವಳು" ಎಂದು ಬರೆದಿದ್ದೀರಿ, ಆ ಡಬ್ಬಿಯನ್ನು ತುಂಬುವುದು ನಿಮ್ಮೊಬ್ಬರ ಹೊಣೆ ಎಂಬಂತೆ. ನನ್ನ ಹೆಂಡತಿಯೂ ಕೆಲಸಕ್ಕೆ ಹೋಗುತ್ತಾಳೆ; ಗೊಜ್ಜು ನನ್ನದು, ಹೆಚ್ಚುವುದು ಮಗಳದು, ಉಂಡಿ ಕಟ್ಟುವುದು ಅವಳದು. ನಿಮ್ಮ ಮನೆಯಲ್ಲಿ ನಿಮ್ಮನ್ನು ಬಿಟ್ಟು ಇನ್ನೂ ಮೂವರಿದ್ದಾರೆ ಎಂದು ನನ್ನ ಅಂದಾಜು.

ಉತ್ತರ 3
ಅಡಕೆಮನೆ, ಶಿರಸಿ

ಧಾರವಾಡದ ಸಹೋದರರ ಕಡೆಯ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಏಕೆಂದರೆ ನಮ್ಮ ಕಡೆಯ ಹಲಸಿನ ಹಪ್ಪಳ ಒಬ್ಬರಿಂದ ಆಗುವ ತಿಂಡಿಯೇ ಅಲ್ಲ. ಬಲಿತ ಹಲಸಿನಕಾಯಿಯನ್ನು ಕೊಯ್ಯುವವರು ಒಬ್ಬರು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಮೇಣದ ನಡುವಿನಿಂದ ತೊಳೆ ಬಿಡಿಸುವವರು ಇಬ್ಬರು, ಬೇಯಿಸಿದ ತೊಳೆಯನ್ನು ಉಪ್ಪು, ಮೆಣಸು, ಜೀರಿಗೆಯೊಡನೆ ಒರಳಿನಲ್ಲಿ ಕುಟ್ಟುವವರು ಮತ್ತೊಬ್ಬರು. ಅಷ್ಟರಲ್ಲಿ ಉಂಡೆ ಕಟ್ಟುವವರು, ಎರಡು ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತುವವರು, ಚಾಪೆಯ ಮೇಲೆ ಸಾಲಾಗಿ ಹರಡುವವರು, ಕಾಗೆ ಕಾಯುವ ಮಕ್ಕಳು. ಏಪ್ರಿಲ್, ಮೇ ತಿಂಗಳ ಬಿಸಿಲು ಮುಗಿಯುವುದರೊಳಗೆ ಆಗಬೇಕಾದ ಕೆಲಸ ಅದು. ನಾನು ಚಿಕ್ಕವಳಿದ್ದಾಗ ಒಣಗಿದ ಹಪ್ಪಳಕ್ಕಿಂತ ಒರಳಿನ ಅಂಚಿಗೆ ಅಂಟಿದ ಬಿಸಿ ಹಪ್ಪಳದ ಹಿಟ್ಟಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿಕೊಂಡು ತಿನ್ನುವುದಕ್ಕಾಗಿಯೇ ಹತ್ತಿರ ಕೂರುತ್ತಿದ್ದೆ, ಈಗಲೂ ಹಾಗೆಯೇ.

ಹಾಗೆ ಎರಡು ದಿನ ದುಡಿದರೆ ಮಳೆಗಾಲವಿಡೀ ಚಿಂತೆಯಿಲ್ಲ. ಆಷಾಢದಲ್ಲಿ ಹೊರಗೆ ಕಾಲಿಡಲಾಗದ ಸಂಜೆ, ಕೆಂಡದ ಮೇಲೆ ಹಪ್ಪಳ ಸುಟ್ಟು, ತೆಂಗಿನಕಾಯಿಯ ಚೂರಿನೊಂದಿಗೆ ಕೊಟ್ಟರೆ ಮನೆಯವರು ಬೇರೇನೂ ಕೇಳುವುದಿಲ್ಲ. ಕೆಂಡವಿಲ್ಲದಿದ್ದರೆ ಗ್ಯಾಸಿನ ಉರಿಯ ಮೇಲೆ ಚಿಮುಟದಲ್ಲಿ ಹಿಡಿದು, ಅತ್ತಿತ್ತ ತಿರುಗಿಸುತ್ತ ಸುಡಬಹುದು, ಎಣ್ಣೆಯೂ ಬೇಡ. ನಿಮ್ಮ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿಯೂ ಇದೇ ಪದ್ಧತಿ ಇದೆ. ಬರುವ ಬೇಸಿಗೆಯಲ್ಲಿ ನಿಮ್ಮ ನೆಂಟರ ಪೈಕಿ ಯಾರ ಮನೆಯಲ್ಲಿ ಹಪ್ಪಳ ಮಾಡುತ್ತಾರೆಂದು ವಿಚಾರಿಸಿ, ಎರಡು ದಿನ ರಜೆ ಹಾಕಿ ಹೋಗಿ ಕುಳಿತು ಮಾಡಿ, ನಿಮ್ಮ ಪಾಲು ತೆಗೆದುಕೊಂಡು ಬನ್ನಿರಿ. ಡಬ್ಬಿಗೆ ಅದಕ್ಕಿಂತ ಒಳ್ಳೆಯ ಬಂಡವಾಳ ಇಲ್ಲ.

ಉತ್ತರ 4
ದೂರದಲ್ಲಿರುವವ, ಹ್ಯಾಂಬರ್ಗ್

ನಾನು ಉಡುಪಿಯ ಕಡೆಯವನು, ಜರ್ಮನಿಗೆ ಬಂದು ಏಳು ವರ್ಷಗಳಾದವು. ಇಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಸೂರ್ಯ ಮುಳುಗುತ್ತಾನೆ. ಕತ್ತಲಲ್ಲಿ ಮನೆಗೆ ಬಂದು ಕೋಟು ತೆಗೆದಿಟ್ಟ ಮೇಲೆ ನಾನು ಮಾಡಿಕೊಳ್ಳುವುದು ಕಲಸಿದ ಅವಲಕ್ಕಿ. ನಮ್ಮಲ್ಲಿ ಸಜ್ಜಿಗೆ ಬಜಿಲ್ ಎಂದು ಉಪ್ಪಿಟ್ಟಿನ ಜೊತೆ ಬೆಳಗಿನ ಹೊತ್ತು ತಿನ್ನುವ ತಿಂಡಿಯ ಅರ್ಧಭಾಗ ಇದು.

ಒಂದು ತಟ್ಟೆಯಲ್ಲಿ ಕಾಯಿತುರಿ, ಬೆಲ್ಲದ ಪುಡಿ, ಉಪ್ಪು, ಒಂದು ಚಮಚ ಸಾರಿನ ಪುಡಿ ಹಾಕಿ, ಬೆರಳ ತುದಿಯಿಂದ ಚೆನ್ನಾಗಿ ಹಿಸುಕಬೇಕು. ಕಾಯಿಯ ಹಾಲು ಬಿಟ್ಟು, ಬೆಲ್ಲ ಕರಗಿ, ಕೈಗೆ ತೇವ ತಾಗಿದಾಗ ತೆಳು ಅವಲಕ್ಕಿ ಸೇರಿಸಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಬೇಕು. ಅವಲಕ್ಕಿಯನ್ನು ನೆನೆಸಬಾರದು, ಕಾಯಿಯ ತೇವವೇ ಅದಕ್ಕೆ ಸಾಕು. ಇಲ್ಲಿ ಒಳ್ಳೆಯ ತೆಂಗಿನಕಾಯಿ ಯಾವಾಗಲೂ ಸಿಗುವುದಿಲ್ಲ, ಹೆಪ್ಪುಗಟ್ಟಿಸಿದ ತುರಿಯನ್ನು ಬಿಸಿ ಪಾತ್ರೆಯ ಮೇಲಿಟ್ಟು ಕರಗಿಸಿ ಬಳಸುತ್ತೇನೆ. ರುಚಿ ಊರಿನದಲ್ಲ. ಆದರೆ ಒಗ್ಗರಣೆಯ ಆ ಮೊದಲ ವಾಸನೆ ಊರಿನದೇ, ಅದರಲ್ಲಿ ಸ್ವಲ್ಪವೂ ವ್ಯತ್ಯಾಸವಿಲ್ಲ.

ಅಮ್ಮ ವೀಡಿಯೊ ಕರೆಯಲ್ಲಿ ತಟ್ಟೆಯನ್ನು ತೋರಿಸು ಎನ್ನುತ್ತಾರೆ. ಬೆಲ್ಲ ಕಡಿಮೆ ಹಾಕಿದ್ದೀ ಎಂದು ಬಣ್ಣ ನೋಡಿಯೇ ಹೇಳುತ್ತಾರೆ.

ಉತ್ತರ 5
ಬಸವನಗುಡಿ ವಾಸಿ, ಬೆಂಗಳೂರು

ಎಲ್ಲರೂ ಮಾಡುವ ಬಗ್ಗೆಯೇ ಹೇಳಿದ್ದಾರೆ. ಕೊಂಡು ತರುವುದು ತಪ್ಪೇನೂ ಅಲ್ಲ ಎಂದು ಹೇಳುವವಳು ನಾನೊಬ್ಬಳಾದರೂ ಇರಲಿ. ಮನೆಯಲ್ಲಿಯೇ ಚಕ್ಕುಲಿ, ನಿಪ್ಪಟ್ಟು ಮಾಡಿ ಮಾರುವ ಹೆಣ್ಣುಮಕ್ಕಳು ನಮ್ಮ ಕಡೆ ಅನೇಕರಿದ್ದಾರೆ. ಅವರಲ್ಲಿ ಒಬ್ಬರನ್ನು ಗುರುತಿಸಿಕೊಂಡು, ಯಾವ ದಿನ ಹೊಸ ಎಣ್ಣೆ ಇಡುತ್ತಾರೆಂದು ಕೇಳಿ ಅದೇ ದಿನ ತರುತ್ತೇನೆ. ನಾನಾಗಿ ಮಾಡುವುದು ಚಿಗಳಿ ಮಾತ್ರ. ಹುರಿದ ಎಳ್ಳನ್ನೂ ಬೆಲ್ಲವನ್ನೂ ಕುಟ್ಟುವುದಕ್ಕೆ ಹತ್ತು ನಿಮಿಷ ಸಾಕು. ಪ್ರತಿದಿನ ಕರಿದದ್ದೇ ಆಗಬೇಕಾಗಿಯೂ ಇಲ್ಲ, ಮಧ್ಯೆ ಮಧ್ಯೆ ನೆನೆಸಿ ಬೇಯಿಸಿದ ಹೆಸರುಕಾಳಿನ ಉಸಲಿ ಮಾಡಿದರೆ ವಯಸ್ಸಾದವರ ಹಲ್ಲಿಗೂ ಒಳ್ಳೆಯದು.

ತುಂಗಾತೀರ, ಶಿವಮೊಗ್ಗ (ಪ್ರಶ್ನೆ ಕೇಳಿದವರು)

ನಿಮ್ಮೆಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೆಂದು ತಿಳಿಯುತ್ತಿಲ್ಲ. ಎರಡು ವಾರ ತಡವಾಗಿ ಉತ್ತರಿಸುತ್ತಿದ್ದೇನೆ, ಮಾಡಿ ನೋಡಿಯೇ ಬರೆಯಬೇಕೆಂದು ಕಾದಿದ್ದೆ.

ಬೆಂಗಳೂರಿನ ಸಹೋದರಿಯವರ ಮಾತು ಸರಿಯಾದುದೇ. ನಮ್ಮ ಬೀದಿಯಲ್ಲಿಯೂ ಅಂಥ ಒಬ್ಬರಿದ್ದಾರೆ, ಚಕ್ಕುಲಿಯನ್ನು ಇನ್ನು ಮುಂದೆ ಅವರಿಂದಲೇ ತರುತ್ತೇನೆ. ಆದರೆ ಕೋಡುಬಳೆ ಮಾತ್ರ ನಮ್ಮ ಮನೆಯಲ್ಲಿಯೇ ಆಗಬೇಕೆಂಬ ಹಟ ನನ್ನೊಳಗೆ ಉಳಿದಿತ್ತು.

ಧಾರವಾಡದವರು ಹೇಳಿದುದನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಬಾಣಲೆಯ ಮುಂದೆ ನಿಂತರು. ಎರಡು ಲೋಟ ಹಿಟ್ಟು, ನಾಲ್ಕು ಪಾಲು, ಒಣಕೊಬ್ಬರಿ, ಮಧ್ಯಮ ಉರಿ. ಮಾವನವರು ತಾವಾಗಿಯೇ ಊಟದ ಮೇಜಿನ ಬಳಿ ಬಂದು ಕುಳಿತು, ಒಂದು ಉಂಡೆ ಹಿಟ್ಟು ತೆಗೆದುಕೊಂಡು ಹೊಸೆಯತೊಡಗಿದರು. ಅವರಿಗೆ ಎಪ್ಪತ್ತೆಂಟು ವರ್ಷ; ಅವರು ಅಡುಗೆಯ ಕೆಲಸಕ್ಕೆ ಕೈ ಹಾಕಿದುದನ್ನು ನಾನು ನೋಡಿದ್ದು ಅದೇ ಮೊದಲು. ಹಿಟ್ಟನ್ನು ಅಂಗೈಯಡಿ ಹಿಂದೆ ಮುಂದೆ ಉರುಳಿಸಿ, ಕಿರುಬೆರಳಿನಷ್ಟು ದಪ್ಪದ ಎಳೆ ಮಾಡಿ, ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ಹೆಬ್ಬೆರಳಿನಿಂದ ಒತ್ತಿದರು. ಹಾಗೆ ಒತ್ತಿದ ಜಾಗದಲ್ಲಿ ಸಣ್ಣ ಗುಳಿ ಬೀಳುತ್ತದಲ್ಲವೇ, ಅತ್ತೆಯವರ ಕೋಡುಬಳೆಗಳಲ್ಲಿ ಅದು ಇರುತ್ತಿತ್ತು, ನಾನು ಮಾಡಿದವುಗಳಲ್ಲಿ ಇರಲಿಲ್ಲ. ಎಲ್ಲಿ ಕಲಿತಿರಿ ಎಂದು ಕೇಳಿದೆ. "ಎದುರಿಗೆ ಕುಳಿತು ಪೇಪರು ಓದುತ್ತಿದ್ದೆನಲ್ಲ, ಕಣ್ಣು ಪೇಪರಿನ ಮೇಲೆಯೇ ಇರುತ್ತಿತ್ತೇ?" ಎಂದರು.

ಮಗ ಮಾಡಿದವು ಬಳೆಯೂ ಅಲ್ಲ, ಕೋಡೂ ಅಲ್ಲ. ಒಂದು ಅವನ ಹೆಸರಿನ ಮೊದಲ ಅಕ್ಷರ. ಅದನ್ನೂ ಕರಿದೆವು. ಎಣ್ಣೆಯ ಸದ್ದು ಅಡಗುವವರೆಗೆ ಯಾರೂ ಮಾತಾಡಬಾರದೆಂದು ಅವನೇ ಎಲ್ಲರಿಗೂ ಆಜ್ಞೆ ಮಾಡಿದ. ಒಟ್ಟು ಒಂದೂ ಕಾಲು ಗಂಟೆ ಹಿಡಿಯಿತು, ಐವತ್ತೆರಡು ಕೋಡುಬಳೆಗಳಾದವು. ರಾತ್ರಿ ತಣ್ಣಗಾದ ಮೇಲೆ ಡಬ್ಬಿಗೆ ಹಾಕಿದೆ. ಆರನೆಯ ದಿನ ತೆಗೆದ ಕಡೆಯ ಕೋಡುಬಳೆಯೂ ಮುರಿದಾಗ ಸದ್ದು ಮಾಡಿತು.

ವಾರದ ದಿನಗಳಲ್ಲಿ ಎರಡು ಸಲ ಗಿರ್ಮಿಟ್ ಆಯಿತು, ಒಂದು ಸಲ ಕಲಸಿದ ಅವಲಕ್ಕಿ ಆಯಿತು. ಶಿರಸಿಯ ಅಕ್ಕನವರಿಗೆ: ಹೊಸನಗರದಲ್ಲಿ ನನ್ನ ಚಿಕ್ಕಮ್ಮನ ಮನೆಯಿದೆ, ಬೇಸಿಗೆಗೆ ಬರುತ್ತೇವೆಂದು ಈಗಲೇ ಹೇಳಿದ್ದೇನೆ.

ಒಂದು ಸಂದೇಹ ಉಳಿದಿದೆ. ಕಡೆಯ ಪಾಲಿನ ಹಿಟ್ಟನ್ನು ಹೊಸೆಯುವಾಗ ಎಳೆ ನಡುನಡುವೆ ಬಿರುಕು ಬಿಡುತ್ತಿತ್ತು, ಬಳೆಯಾಗಿ ಬಗ್ಗಿಸಿದರೆ ತುಂಡಾಗುತ್ತಿತ್ತು. ಅಳತೆಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

ನಿವೃತ್ತ ಶಿಕ್ಷಕಿ, ಮೈಸೂರು

ತಂಗಿ, ನಿಮ್ಮ ಮಾವನವರ ಮಾತನ್ನು ಎರಡು ಸಲ ಓದಿದೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಬಿರುಕಿಗೆ ಕಾರಣ ಹಿಟ್ಟು ಒಣಗಿದ್ದು. ಒಲೆಯ ಹತ್ತಿರವೇ ಇಟ್ಟಿದ್ದರೆ ಕಲಸಿದ ಹಿಟ್ಟು ಬಹಳ ಬೇಗ ಒಣಗುತ್ತದೆ, ರವೆಯೂ ನಿಧಾನವಾಗಿ ನೀರು ಹೀರುತ್ತಿರುತ್ತದೆ. ಕಲಸಿದ ಪಾಲನ್ನು ಒದ್ದೆ ಬಟ್ಟೆಯಿಂದ ಮುಚ್ಚಿಡಿ, ಬಿರುಕು ಕಂಡರೆ ಅಂಗೈಯನ್ನು ನೀರಿನಲ್ಲಿ ಅದ್ದಿ ಅದೇ ಕೈಯಿಂದ ಇನ್ನೊಮ್ಮೆ ನಾದಿರಿ. ಹಿಟ್ಟಿಗೆ ನೇರವಾಗಿ ನೀರು ಸುರಿಯಬೇಡಿ.